ಒಂದು ಪುಟದಲ್ಲಿ ಹಿಡಿಸದ ಋಣ

ಕಾದಂಬರಿ ಕೊನೆಗೂ ಅಚ್ಚಾಯಿತು. ಏಳು ವರ್ಷ ಹಿಡಿಯಿತು. ಮೊನ್ನೆ ಶಿವಮೊಗ್ಗದಿಂದ ಬಸ್ಸಿನಲ್ಲಿ ನಾಲ್ಕು ಕಟ್ಟು ಬಂದವು. ಇಳಿಸುವಾಗ ಕಂಡಕ್ಟರ್ "ಏನ್ರೀ ಇದು, ಮೈಲುತುತ್ತವಾ?" ಅಂದರು. ಅಡಿಕೆ ತೋಟದ ಔಷಧಿಗೆ ಬಳಸುವ ತಾಮ್ರದ ನೀಲಿ ಹರಳು ಅದು. ಅಷ್ಟು ಭಾರ. ಉಪಕಾರ ನೆನೆಯಲು ಪುಸ್ತಕದೊಳಗೆ ಒಂದೇ ಪುಟ ಸಿಕ್ಕಿತ್ತು. ಸಾಲಲಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗಾಗಿ ಕಥೆ ಇಷ್ಟು. 1931ರ ಮಳೆಗಾಲ ಮುಗಿದಿದೆ. ಶಿವಮೊಗ್ಗದ ಒಬ್ಬ ಅಡಿಕೆ ಮಂಡಿ ಸಾಹುಕಾರ ತನ್ನ ಗಾದಿಯ ಮೇಲೇ ಸತ್ತು ಬಿದ್ದಿದ್ದಾನೆ. ಪತ್ತೆ ಮಾಡಬೇಕಾದವನು ಒಬ್ಬ ಪೊಲೀಸ್ ದಫೇದಾರ.

ಮೊದಲ ಸಲ ಬರೆದಾಗ ಈ ದಫೇದಾರ ಕುಡುಕನಾಗಿದ್ದ. ಎರಡು ಅಧ್ಯಾಯ ದೊಡ್ಡಮ್ಮನಿಗೆ ಓದಿ ಹೇಳಿದೆ. ಅಡಿಕೆ ಹಾಳೆ ಸುಲಿಯುತ್ತಾ ಕೇಳಿದರು. "ಕುಡಿಯೋ ಪೊಲೀಸನ್ನ ಸಿನಿಮಾದಲ್ಲಿ ಬೇಕಾದಷ್ಟು ನೋಡಿದೀನಿ ಕಣೋ. ಇವನಿಗೆ ಸಾಲ ಇಲ್ವಾ? ಆಗ ಎಲ್ಲರಿಗೂ ಇತ್ತಲ್ಲ" ಅಂದರು. ಆಮೇಲೆ ತಮ್ಮ ಅಮ್ಮನ ಚಿನ್ನದ ಅವಲಕ್ಕಿ ಸರದ ವಿಷಯ ತೆಗೆದರು. ಅಡವಿಟ್ಟ ಸರ ಮನೆಗೆ ಮರಳಲೇ ಇಲ್ಲವಂತೆ. ಮದುವೆ ಮನೆಗೆ ಹೋದರೆ ಆ ಅಮ್ಮ ಇಡೀ ದಿನ ಸೆರಗನ್ನು ಕೊರಳಿಗೆ ಸುತ್ತಿಕೊಂಡೇ ಓಡಾಡುತ್ತಿದ್ದರಂತೆ. "ಕೊರಳು ಬರಿದು ಅಂತ ಅಲ್ಲ. ಯಾರಾದ್ರೂ ಕೇಳಿಬಿಡ್ತಾರೆ ಅಂತ."

ಕುಡುಕನನ್ನು ಅವತ್ತೇ ಕೈಬಿಟ್ಟೆ.

ಆ ಸರದ ಹಿಂದೆ ಹೋದರೆ ಲೋಕವೆಲ್ಲ ಸಿಗುತ್ತದೆ. 1929ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಶೇರುಪೇಟೆ ಬಿತ್ತು. ಹಿಂದೆಯೇ ಬೆಳೆಗಳ ಬೆಲೆ ಎಲ್ಲ ಕಡೆ ಕುಸಿಯಿತು. ಆದರೆ ರೈತನ ಸಾಲ ಮತ್ತು ಬಡ್ಡಿ ಹಳೇ ಲೆಕ್ಕದಲ್ಲೇ ನಿಂತವು. ಅದೇ ಬಡ್ಡಿ ಕಟ್ಟಲು ಮೊದಲಿಗಿಂತ ಜಾಸ್ತಿ ಮೂಟೆ ಮಾರಬೇಕಾಯಿತು. 1931ರ ಸೆಪ್ಟೆಂಬರ್‌ನಲ್ಲಿ ಬ್ರಿಟನ್ ತನ್ನ ಪೌಂಡಿಗೂ ಚಿನ್ನಕ್ಕೂ ಇದ್ದ ಗಂಟು ಬಿಚ್ಚಿತು. ರೂಪಾಯಿಗೆ ಪೌಂಡಿನ ಜೊತೆಗೇ ಗಂಟು. ಹಾಗಾಗಿ ಇಲ್ಲಿ ಚಿನ್ನದ ಬೆಲೆ ಏರಿತು. ಮನೆಮನೆಯ ಒಡವೆ ಕರಗಿ ಬೊಂಬಾಯಿಯಲ್ಲಿ ಹಡಗು ಹತ್ತಿತು. ಈಗ ಸಾಹುಕಾರನ ಕಡೆಯಿಂದ ನೋಡಿ. ಕೊಟ್ಟ ಸಾಲಕ್ಕಿಂತ ಪೆಟ್ಟಿಗೆಯಲ್ಲಿರುವ ಒಡವೆಯೇ ದುಬಾರಿ. ವಾಪಸ್ ಕೊಡಲು ಅವನಿಗೆ ಮನಸ್ಸಾದರೂ ಹೇಗೆ ಬಂದೀತು?

ನನ್ನ ಕಥೆಯ ಕೊಲೆಗೆ ಕಾರಣ ಸಿಕ್ಕಿದ್ದು ಅಲ್ಲಿ. ದಫೇದಾರ ಸತ್ತವನ ಪೆಟ್ಟಿಗೆ ತೆಗೆಯುತ್ತಾನೆ. ಒಳಗೆ ತನ್ನ ಹೆಂಡತಿಯದೇ ಅವಲಕ್ಕಿ ಸರ. ಮಹಜರಿಗೆ ಮೊದಲೇ ಅದನ್ನು ಜೇಬಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಯಾರನ್ನೂ ನೆಟ್ಟಗೆ ನೋಡಿ ಪ್ರಶ್ನೆ ಕೇಳಲು ಅವನಿಂದ ಆಗುವುದಿಲ್ಲ. ಕೊಂದವರು ಯಾರು ಅಂತ ಇಲ್ಲಿ ಹೇಳಲ್ಲ, ಬಿಡಿ.

ದೊಡ್ಡಮ್ಮ ಪುಸ್ತಕ ನೋಡಲಿಲ್ಲ. ಹೋಗಿ ಎರಡು ವರ್ಷವಾಯಿತು.

ಮಂಡಿಯಲ್ಲಿ ಗುಮಾಸ್ತರಾಗಿದ್ದ ಹಿರಿಯರೊಬ್ಬರು ನನಗೆ ದಿನದಿನದ ಲೆಕ್ಕ ಬರೆಯುವ ಕಿರ್ದಿ ಯಾವುದು, ಖಾತೆ ಯಾವುದು ಅಂತ ಕಲಿಸಿದರು. ನನ್ನ ಕಥೆಯಲ್ಲಿ ಒಬ್ಬ ರೈತ "ಅಡಿಕೆ ಮ್ಯಾಮ್ಕೋಸ್‌ಗೆ ಹಾಕ್ತೀನಿ" ಅಂದಿದ್ದ, ಅಂದರೆ ಅಡಿಕೆ ಬೆಳೆಗಾರರ ಮಾರಾಟ ಸಹಕಾರ ಸಂಘಕ್ಕೆ. ಅವರು ಕನ್ನಡಕ ತೆಗೆದಿಟ್ಟು ನಕ್ಕರು. "ಮ್ಯಾಮ್ಕೋಸ್ ಶುರುವಾಗಿದ್ದೇ 1939ರಲ್ಲಿ ಮಾರಾಯ್ರೆ! ಅದು ಆಗ್ಲೇ ಇದ್ದಿದ್ರೆ ನಿಮ್ಮ ಸಾಹುಕಾರ ಇಷ್ಟು ಮೆರೀತಿದ್ನಾ?" ಇನ್ನೊಂದು ಕಡೆ 'ಹತ್ತು ಪೈಸೆ' ಅಂತ ಬರೆದಿದ್ದೆ. ನಯಾಪೈಸೆ ಬಂದಿದ್ದು 1957ರಲ್ಲಿ. ಅದಕ್ಕೆ ಮುಂಚೆ ರೂಪಾಯಿಗೆ 16 ಆಣೆ, ಆಣೆಗೆ 12 ಪೈ. ಶಾಲೆಯಲ್ಲಿ ಓದಿದ್ದೇ, ಆದರೂ ಎಡವಿದೆ.

ನಮ್ಮೂರಿನ ಡಾಕ್ಟರು ಇನ್ನೊಂದು ಕಡೆ ಮಾನ ಉಳಿಸಿದರು. ಸಾಹುಕಾರನನ್ನು ಕಾಫಿಗೆ ಮೈಲುತುತ್ತ ಬೆರೆಸಿ ಸಾಯಿಸಿದ್ದೆ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಹೊಡೆಯುವುದನ್ನು ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅಷ್ಟರಲ್ಲಾಗಲೇ ಮಲೆನಾಡಿಗೆ ಕಲಿಸಿದ್ದರು. ಹಾಗಾಗಿ ತೋಟದ ಮನೆಯಲ್ಲಿ ಮೈಲುತುತ್ತ ಇರುವುದು ಸಹಜ ಅಂತ ನನ್ನ ಲೆಕ್ಕ. ಡಾಕ್ಟರು ಕೇಳಿದ್ದು ಒಂದೇ: "ಅದನ್ನ ಯಾರ್ರೀ ಕುಡೀತಾರೆ? ಬಾಯಿಗಿಟ್ಟ ಕೂಡಲೇ ಉಗೀತಾರೆ. ಒಳಗೆ ಹೋದ್ರೂ ಹೊಟ್ಟೆನೇ ಹೊರಗೆ ಹಾಕತ್ತೆ, ಅದೂ ನೀಲಿಯಾಗಿ. ಅಡಿಕೆಯವರಾಗಿ ಇಷ್ಟು ಗೊತ್ತಿಲ್ವಾ?" ಈಗ ಕಾದಂಬರಿಯಲ್ಲಿ ಮೈಲುತುತ್ತ ಬರೀ ಪಂಚೆ ಮೇಲಿನ ನೀಲಿ ಕಲೆ. ಆ ಕಲೆ ನೋಡಿಯೇ ದಫೇದಾರ ಔಷಧಿ ಹೊಡೆಯುವ ಒಬ್ಬ ಬಡಪಾಯಿಯನ್ನು ಹಿಡಿದು ಹಾಕುತ್ತಾನೆ. ನನಗೆ ಪುಸ್ತಕದಲ್ಲಿ ತುಂಬಾ ಇಷ್ಟವಾದ ಭಾಗ ಅದೇ.

ಇನ್ನು ನನ್ನ ಕಥೆ. ಒಂಬತ್ತನೇ ಅಧ್ಯಾಯದ ಹೊತ್ತಿಗೆ ನಮ್ಮ ತೋಟಕ್ಕೆ ಎಲೆಚುಕ್ಕಿ ರೋಗ ಬಂತು. ಫಸಲು ಹೋಯಿತು, ಸಾಲದ ಕಂತು ನಿಂತಿತು. ಎರಡು ವರ್ಷ ಒಂದು ಸಾಲೂ ಬರೆಯಲಿಲ್ಲ, ಯಾರಿಗೂ ಹೇಳಲೂ ಇಲ್ಲ. ಹೆಂಡತಿ ಕೇಳದೆಯೇ ಬಳೆ ಬಿಚ್ಚಿ ಕೊಟ್ಟಳು. ಅಡವಿಡಲು ಹೊರಟಾಗ ಪೇಟೆಯಲ್ಲಿ ಗುರುತಿನವರೊಬ್ಬರು ಎದುರಾದರು. ಪಕ್ಕದ ಮೆಡಿಕಲ್ ಶಾಪಿಗೆ ನುಗ್ಗಿ ಸುಮ್ನೆ ಪ್ಯಾರಾಸಿಟಮಾಲ್ ಕೊಂಡೆ. ಹದಿನಾಲ್ಕನೇ ಅಧ್ಯಾಯದಲ್ಲಿ ದಫೇದಾರ ಬೇಡದಿದ್ದರೂ ಕ್ವಿನೈನ್ ಕೊಳ್ಳುವುದು ಅಲ್ಲಿಂದ ಬಂತು. ಆಗ ಮಲೆನಾಡಿನ ತುಂಬ ಚಳಿಜ್ವರ, ಯಾರೂ ಯಾಕೆ ಅಂತ ಕೇಳುತ್ತಿರಲಿಲ್ಲ. ಬಳೆ ಹೋದ ವರ್ಷ ಬಿಡಿಸಿಕೊಂಡೆ. ಆ ಅಧ್ಯಾಯ ಅವಳದ್ದು.

ಪಕ್ಕದ ಮನೆಯ ಭಾವ ಮಾತ್ರ ಏನೂ ಕೇಳಲಿಲ್ಲ. ಒಂದು ಬೆಳಿಗ್ಗೆ ತಮ್ಮದೇ ಡ್ರಮ್ಮು, ಮೋಟಾರು, ಇಬ್ಬರು ಆಳುಗಳನ್ನು ಕರೆದುಕೊಂಡು ಬಂದು ನಮ್ಮ ತೋಟಕ್ಕೆ ಔಷಧಿ ಹೊಡೆದು ಹೋದರು. ದಣಪೆ ದಾಟುವಾಗ "ಬರೆಯೋದು ನಿಲ್ಸಿದೀಯಂತೆ?" ಅಂದರು, ಅಷ್ಟೇ. ಅವತ್ತು ರಾತ್ರಿ ಹತ್ತನೇ ಅಧ್ಯಾಯ ಶುರು ಮಾಡಿದೆ.

ಭಾವಾ, ನಿಮ್ಮ ಪ್ರತಿ ಮೆತ್ತಿನ ಮೇಲೆ ಎತ್ತಿಟ್ಟಿದ್ದೇನೆ. ಬರುವಾಗ ನಮ್ಮ ದೋಟಿ ತನ್ನಿ. ನಿಮ್ಮ ಡ್ರಮ್ಮು ಇನ್ನೂ ನಮ್ಮ ಕೊಟ್ಟಿಗೆಯಲ್ಲೇ ಇದೆ, ಮರೆತಿಲ್ಲ.