ಮಂಡಕ್ಕಿ, ಹತ್ತಿ, ಮೂರು ಮತ್ತು ನಾಲ್ಕು

ಕಳೆದ ಶನಿವಾರ ರಾತ್ರಿ ದಾವಣಗೆರೆಯಲ್ಲಿ ನಮ್ಮ ಕ್ರೈಸ್ತ ರಾಕ್ ತಂಡದ ಪ್ರವಾಸದ ಕೊನೆಯ ಕಾರ್ಯಕ್ರಮ ಮುಗಿಸಿ ವೈರುಗಳನ್ನು ಸುತ್ತಿಡುವಾಗ ಡ್ರಮ್ಮಿನೊಳಗಿಂದ ನಾಲ್ಕು ಮಂಡಕ್ಕಿ ಕಾಳು ಉದುರಿದವು. ನಾಲ್ಕು ತಿಂಗಳಲ್ಲಿ ಒಂಬತ್ತು ಊರು ಸುತ್ತಿ ಬಂದರೂ ಅವು ಅಲ್ಲೇ ಕುಳಿತಿದ್ದವು. ಆದ್ದರಿಂದ ಮೊದಲ ವಂದನೆ ಮಂಡಕ್ಕಿ ಭಟ್ಟಿಯ ಚಾಚಾ ಅವರಿಗೆ.

ಯೇಸುವಿನ ಹಾಡನ್ನು ಎಲೆಕ್ಟ್ರಿಕ್ ಗಿಟಾರಿನಲ್ಲಿ ನುಡಿಸುತ್ತೇವೆಂದು ನಾವು ಐವರು ಹೊರಟಾಗ ಅಭ್ಯಾಸಕ್ಕೆ ಜಾಗ ಕೊಡುವವರಿರಲಿಲ್ಲ. ಎರಡು ಬಾಡಿಗೆ ಕೋಣೆಗಳಿಂದ ಎಬ್ಬಿಸಿದರು. ಅವರ ತಪ್ಪಲ್ಲ, ಆಗ ನಾವು ನುಡಿಸುತ್ತಿದ್ದದ್ದೇ ಹಾಗಿತ್ತು. ಚಾಚಾ ಭಟ್ಟಿಯ ಹಿಂದಿನ ಗೋದಾಮಿನ ಬೀಗ ತೆಗೆದುಕೊಟ್ಟರು. ಭಟ್ಟಿಯ ಗದ್ದಲದಲ್ಲಿ ನಮ್ಮ ಗದ್ದಲ ಯಾರಿಗೂ ಲೆಕ್ಕಕ್ಕಿರಲಿಲ್ಲ. ಗೋಡೆಯುದ್ದಕ್ಕೂ ಒಟ್ಟಿದ ಮಂಡಕ್ಕಿ ಚೀಲಗಳು ಪ್ರತಿಧ್ವನಿಯನ್ನು ನುಂಗಿಬಿಡುತ್ತಿದ್ದವು. ದುಡ್ಡು ಕೊಟ್ಟು ಹೋದ ಸ್ಟುಡಿಯೊದಲ್ಲಿಯೂ ಅಷ್ಟು ಚೊಕ್ಕ ಸದ್ದು ಸಿಕ್ಕಲಿಲ್ಲ. ಬಾಡಿಗೆ ಎಷ್ಟು ಎಂದರೆ "ಹಬ್ಬಕ್ಕೆ ಕೇಕ್ ಕೊಡಿ, ಸಾಕು" ಎಂದರು. ಎರಡು ಕ್ರಿಸ್‌ಮಸ್‌ಗಳ ಕೇಕ್ ಬಾಕಿ ಇದೆ ಚಾಚಾ, ಮರೆತಿಲ್ಲ.

ಜಾಗ ಸಿಕ್ಕಿತು, ಹಾಡು ಸಿಕ್ಕಿರಲಿಲ್ಲ. ಅಮೆರಿಕದಲ್ಲಿ ಲ್ಯಾರಿ ನಾರ್ಮನ್ ಕ್ರೈಸ್ತ ರಾಕ್ ಆಲ್ಬಂ ತಂದದ್ದು 1969ರಲ್ಲಿ. ಅಲ್ಲಿಂದೀಚೆಗೆ ಬಂದವುಗಳಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಕೇಳಿ, ಆ ಧಾಟಿಯೊಳಗೆ ಕನ್ನಡದ ಮಾತು ತುರುಕುತ್ತಿದ್ದೆವು. ಇಂಗ್ಲಿಷಿನ ಪದ ಬಹಳ ಸಲ ವ್ಯಂಜನದಲ್ಲಿ ತಟ್ಟನೆ ನಿಲ್ಲುತ್ತದೆ, ಡ್ರಮ್ಮಿನ ಏಟು ಅದರ ಮೇಲೆ ಸರಿಯಾಗಿ ಕೂರುತ್ತದೆ. ನಮ್ಮ ಪದ ಸ್ವರದಲ್ಲಿ ಮುಗಿಯುವುದರಿಂದ ಏಟು ಬಿದ್ದ ಮೇಲೂ ಬಾಲ ಉಳಿದಿರುತ್ತದೆ. "ಕರುಣಾಳು" ನಮ್ಮ ಬಾಯಲ್ಲಿ ಎರಡು ತುಂಡಾಗಿ, ಮುಂದಿನ ತುಂಡು ಕೊಟ್ಟಿಗೆಯ ಕರುವಾಗಿಬಿಡುತ್ತಿತ್ತು.

ನಮ್ಮ ಬೇಸ್ ಗಿಟಾರಿನವನ ಪಕ್ಕದ ಮನೆಯ ನಿವೃತ್ತ ಕನ್ನಡ ಮೇಷ್ಟ್ರು ಒಂದು ಸಂಜೆ ಮಂಡಕ್ಕಿ ಕೊಳ್ಳಲು ಬಂದವರು ಬಾಗಿಲಲ್ಲೇ ನಿಂತು ಕೇಳಿದರು. "ಎಲ್ಲವನ್ನೂ ನಾಲ್ಕು ನಾಲ್ಕಾಗಿ ಏಕೆ ಕೊಯ್ಯುತ್ತೀರಪ್ಪಾ? ಭಾಮಿನಿ ಓದಿಲ್ಲವೇ?" ಎಂದು ಪಕ್ಕದ ಡಬ್ಬದ ಮೇಲೆ ಮೂರು, ನಾಲ್ಕು, ಮೂರು, ನಾಲ್ಕು ಎಂದು ತಟ್ಟಿದರು. ಕುಮಾರವ್ಯಾಸನ ಭಾಮಿನಿ ಷಟ್ಪದಿಯ ನಡೆ. ಸೇರಿಸಿದರೆ ಏಳು, ರಾಕ್ ತಂಡಗಳು ಕಷ್ಟಪಟ್ಟು ಕಲಿತು ಹೆಮ್ಮೆಪಡುವ ಏಳರ ಎಣಿಕೆ. ಹೈಸ್ಕೂಲಿನಲ್ಲಿ ಅಂಕಕ್ಕಾಗಿ ಪ್ರಸ್ತಾರ ಹಾಕಿ ನಾವು ಅದನ್ನು ಅಲ್ಲಿಯೇ ಬಿಟ್ಟು ಬಂದಿದ್ದೆವು. ಆ ವಾರವೇ ಮೊದಲ ಸಾಲು ಹುಟ್ಟಿತು: "ಕಲ್ಲು ಸರಿಸಿದರಾರು ಹೇಳಿರಿ". ಭಾನುವಾರ ಮುಂಜಾನೆ ಯೇಸುವಿನ ಸಮಾಧಿಗೆ ಹೋದ ಹೆಂಗಸರ ಪ್ರಶ್ನೆ ಅದು. ಮಾತು ಮುರಿಯಲಿಲ್ಲ, ಬಾಲ ಉಳಿಯಲಿಲ್ಲ. ಹಳೆಯ ಆರು ಹಾಡುಗಳನ್ನು ಬಿಸಾಡಿ ಎಂಟನ್ನು ಹೊಸದಾಗಿ ಬರೆದೆವು. "ನಾಗವರ್ಮನ ಛಂದೋಂಬುಧಿಯನ್ನು 1875ರಲ್ಲಿ ಅಚ್ಚು ಹಾಕಿಸಿದ ಕಿಟೆಲ್ ನಿಮ್ಮ ಪಾದ್ರಿಯೇ ಅಲ್ಲವೇ?" ಎಂದು ಮೇಷ್ಟ್ರು ಕೆಣಕಿದರು. ಕಿಟೆಲ್ ಎಂದರೆ ನಿಘಂಟು ಎಂದಷ್ಟೇ ತಿಳಿದಿದ್ದ ನಾನು ಸುಮ್ಮನೆ ತಲೆಯಾಡಿಸಿದೆ. ಮೇಷ್ಟ್ರೇ, ಆಲ್ಬಂ ನಿಮ್ಮದು. ಶ್ರುತಿ ತಪ್ಪಿದ್ದು ಮಾತ್ರ ನಮ್ಮದು.

ಚಿತ್ರದುರ್ಗದ ಮೈಕ್ ಸೆಟ್ಟಿನ ಅಣ್ಣನವರನ್ನು ನೆನೆಯದಿದ್ದರೆ ತಪ್ಪಾಗುತ್ತದೆ. ಬಂಡೆಗುಡ್ಡದ ಎದುರಿನ ಬಯಲು. ನಾವು ಹಾಡಿದ್ದೆಲ್ಲ ಬಂಡೆಗೆ ಬಡಿದು ಅರೆಕ್ಷಣ ತಡವಾಗಿ ನಮಗೇ ವಾಪಸು ಬರುತ್ತಿತ್ತು. ಏಳರ ಎಣಿಕೆಯಲ್ಲಿ ಅರೆಕ್ಷಣ ತಡವೆಂದರೆ ಡ್ರಮ್ಮಿನವನ ಗತಿ ಏನು! ಅವರು ಮಾತಿಲ್ಲದೆ ಸ್ಪೀಕರುಗಳನ್ನು ಗುಡ್ಡದಿಂದ ರಸ್ತೆಯ ಕಡೆಗೆ ತಿರುಗಿಸಿ, ನನ್ನ ಗಿಟಾರನ್ನು ಅರ್ಧಕ್ಕಿಳಿಸಿದರು. ನಾನು ಮುಖ ಊದಿಸಿಕೊಂಡೆ. "ಕಲ್ಲಿನ ಹಾಡು ಎನ್ನುತ್ತೀರಿ, ಕಲ್ಲು ಎಂಬ ಪದವೇ ಕೇಳಿಸುತ್ತಿಲ್ಲ" ಎಂದರು. ಆ ರಾತ್ರಿ ಏಳು ಸುತ್ತಿನ ಕೋಟೆಯ ಊರಿನವರು ಎರಡನೆಯ ಸುತ್ತಿಗೇ ನಮ್ಮೊಂದಿಗೆ ಆ ಸಾಲು ಹಾಡಿದರು. ಅಂದಿನಿಂದ ನನ್ನ ಗಿಟಾರು ಅರ್ಧಕ್ಕೇ ನಿಂತಿದೆ.

ಇನ್ನು ಹರಿಹರದಲ್ಲಿ ನಡುರಾತ್ರಿ ಅನ್ನ ಸಾರು ಬಡಿಸಿದ ಸ್ತ್ರೀಯರ ಕೂಟದ ಅಮ್ಮಂದಿರಿಗೆ, ಹಿರಿಯೂರಿನ ಹೆದ್ದಾರಿಯಲ್ಲಿ ವ್ಯಾನಿನ ಕೆಳಗೆ ಮಲಗಿ ಕ್ಲಚ್ ಸರಿಪಡಿಸಿದ ಹುಡುಗನಿಗೆ, ಒಂದೂರಿನಲ್ಲಿ ಸಭಾಂಗಣದವರು ಹಿಂದಿನ ದಿನ ಕೈಕೊಟ್ಟಾಗ ತಮ್ಮ ಕಲ್ಯಾಣಮಂಟಪ ತೆರೆದವರಿಗೆ, ಸಾಲ ಕೊಟ್ಟು ಇನ್ನೂ ಕೇಳದಿರುವ ಸೋದರಮಾವನಿಗೆ (ದಯವಿಟ್ಟು ಇನ್ನೊಂದು ತಿಂಗಳು ಕೇಳಬೇಡಿ ಮಾವ) ಕರ್ತನ ನಾಮದಲ್ಲಿ ವಂದನೆಗಳು.

ಕೊನೆಯದಾಗಿ ನಮ್ಮ ಚರ್ಚ್ ಸಭೆಯ ಹಿರಿಯರೊಬ್ಬರು. "ಇದು ಆರಾಧನೆಯೋ ಜಾತ್ರೆಯೋ?" ಎಂದು ಎರಡು ವರ್ಷದ ಹಿಂದೆ ಸಭೆಯಲ್ಲೇ ಎದ್ದುನಿಂತು ಕೇಳಿದ್ದವರು. ಆಗ ಸಭಾಪಾಲಕರು ವಾದಕ್ಕಿಳಿಯದೆ ಬೈಬಲಿನ 150ನೆಯ ಕೀರ್ತನೆಯನ್ನು, ಅದರಲ್ಲಿನ ದಮ್ಮಡಿ, ತಂತಿವಾದ್ಯ, ತಾಳ ಒಂದೊಂದೂ ಕಿವಿಗೆ ಬೀಳುವಂತೆ ನಿಧಾನವಾಗಿ ಓದಿ ಕುಳಿತುಬಿಟ್ಟಿದ್ದರು. ಅಯ್ಯನವರೇ, ಅದಕ್ಕೂ ವಂದನೆ. ಶನಿವಾರ ಆ ಹಿರಿಯರು ಮೊದಲ ಸಾಲಿನಲ್ಲಿ ಬಂದು ಕುಳಿತರು, ಎರಡೂ ಕಿವಿಗೆ ಹತ್ತಿ ಇಟ್ಟುಕೊಂಡು. ದಾವಣಗೆರೆಯಲ್ಲಿ ಹತ್ತಿಗೇನು ಬರ! ಮೂರನೆಯ ಹಾಡಿಗೆ ಎಡಗಿವಿಯ ಹತ್ತಿ ತೆಗೆದರು. ಬಲಗಿವಿಯದು ಕೊನೆಯವರೆಗೂ ಇತ್ತು. ಮುಗಿದ ಮೇಲೆ ಸಾಹಿತ್ಯದ ಕಿರುಹೊತ್ತಗೆಯನ್ನು ಹಿಡಿದು ವೇದಿಕೆಯ ಬಳಿ ಬಂದು, ಐದನೆಯ ಹಾಡಿನಲ್ಲಿ "ಶಿಲುಬೆ" ಎಂಬುದು "ಶಿಲುಭೆ" ಎಂದು ಅಚ್ಚಾಗಿರುವುದನ್ನು ತೋರಿಸಿದರು. ಉಳಿದ ಪ್ರತಿಗಳಲ್ಲಿ ಪೆನ್ನಿನಿಂದ ತಿದ್ದುತ್ತಿದ್ದೇವೆ. ಈಗಾಗಲೇ ಕೊಂಡವರು ದಯವಿಟ್ಟು ತಾವೇ ತಿದ್ದಿಕೊಳ್ಳಬೇಕು.