ಬ್ಯಾರಲ್ ಕಳಿಸಬೇಡಿ, ನಾವೇ ಸಂಪಿನ ಹತ್ತಿರ ಬರುತ್ತೇವೆ

ಹೊಸೂರು, ಜೂಜುವಾಡಿ, ಮೂಕಂಡಪಳ್ಳಿ, ಬಾಗಲೂರು ರಸ್ತೆ ಮತ್ತು ಅತ್ತಿಬೆಲೆ ಕಡೆಯ ನಮ್ಮ ಎಲ್ಲ ಗ್ರಾಹಕರಿಗೆ ನಮಸ್ಕಾರ.

ವಿಷಯ ಮೊದಲೇ ಹೇಳಿಬಿಡುತ್ತೇವೆ. ಆಯುಧ ಪೂಜೆ ಮುಗಿದ ಮರುವಾರದಿಂದ ಹಳೇ ಕೂಲಂಟ್ (ಲೋಹ ಕೊರೆಯುವಾಗ ಮೆಷಿನ್ನಿನಲ್ಲಿ ಹರಿಸುವ ಎಣ್ಣೆ ಬೆರೆಸಿದ ನೀರು) ತುಂಬಿದ ಬ್ಯಾರಲ್‌ಗಳನ್ನು ನಮ್ಮ ಶೆಡ್ಡಿಗೆ ತೆಗೆದುಕೊಳ್ಳುವುದಿಲ್ಲ. ಕ್ಲೀನ್ ಮಾಡಿದ ಕೂಲಂಟ್ ಅಂತ ಕಡಿಮೆ ರೇಟಿಗೆ ಕೊಡುತ್ತಿದ್ದೆವಲ್ಲ, ಅದೂ ನಿಲ್ಲುತ್ತದೆ. ಕ್ಲೀನಿಂಗ್ ಮೆಷಿನ್ನನ್ನೇ ಟ್ರಾಲಿ ಮೇಲೆ ಕೂರಿಸಿದ್ದೇವೆ. ಅದು ನಿಮ್ಮ ಶಾಪಿಗೆ ಬರುತ್ತದೆ. ನಿಮ್ಮ ಸಂಪಿನ, ಅಂದರೆ ಮೆಷಿನ್ ಕೆಳಗಿನ ತೊಟ್ಟಿಯ, ಕೂಲಂಟನ್ನು ಅಲ್ಲೇ ಎಳೆದು, ಅಲ್ಲೇ ಸೋಸಿ, ಅದೇ ಸಂಪಿಗೆ ವಾಪಸ್ ಬಿಡುತ್ತದೆ.

'ಚೆನ್ನಾಗೇ ನಡೀತಿತ್ತಲ್ಲ, ಈಗ ಯಾಕೆ ಬದಲಾಯಿಸ್ತೀರಾ?' ಅಂತ ಕೆಲವರು ಫೋನಿನಲ್ಲಿ ಕೇಳಿದರು. ಚೆನ್ನಾಗಿ ನಡೆಯುತ್ತಿರಲಿಲ್ಲ. ಅದನ್ನು ನಾವೇ ಹೇಳಬೇಕು, ಹೇಳುತ್ತೇವೆ.

ಕಳೆದ ಮಳೆಗಾಲದಲ್ಲಿ ಒಬ್ಬ ಗ್ರಾಹಕರು ಬೆಳಿಗ್ಗೆ ಬೆಳಿಗ್ಗೆಯೇ ನಮ್ಮ ಶೆಡ್ಡಿಗೆ ಬಂದರು. ಕೈಯಲ್ಲಿ ಹಳೇ ಪೇಪರಿನಲ್ಲಿ ಸುತ್ತಿದ ಒಂದು ಎರಕದ ಕಬ್ಬಿಣದ ಪಾರ್ಟ್. ಬಿಚ್ಚಿ ಮೇಜಿನ ಮೇಲೆ ಇಟ್ಟರು. ಹಿಂದಿನ ಸಂಜೆ ಬೋರ್ ಹೊಡೆದಿದ್ದು. ಫಿನಿಶ್ ಕನ್ನಡಿ ಹಾಗೆ ಇತ್ತು, ಆದರೆ ಅದರ ಮೇಲೆ ಆಪರೇಟರ್ ಹಿಡಿದ ಕಡೆಯೆಲ್ಲ ಬೆರಳಿನ ಗುರುತು ಕಂದು ತುಕ್ಕಾಗಿ ಎದ್ದು ಕೂತಿತ್ತು. ಒಂದು ರಾತ್ರಿಯಲ್ಲಿ! ಅವರು ಕೂಗಾಡಲಿಲ್ಲ. 'ಇನ್ನೂ ನಲವತ್ತು ಪೀಸ್ ಹೀಗೇ ಇದೆ' ಅಂದರು, ಟೀ ಕೂಡ ಕುಡಿಯದೆ ಹೋದರು. ಕೂಗಾಡಿದ್ದರೆ ನಮಗೆ ಸ್ವಲ್ಪ ಹಗುರ ಆಗುತ್ತಿತ್ತು.

ಅವರ ಸಂಪಿಗೆ ಹಾಕಿದ್ದು ನಾವೇ ಕ್ಲೀನ್ ಮಾಡಿ ಕೊಟ್ಟ ಕೂಲಂಟ್. ಕಳಿಸುವ ಮುಂಚೆ, ಕೂಲಂಟಿನಲ್ಲಿ ಆಯಿಲ್ ಎಷ್ಟಿದೆ ಅಂತ ತೋರಿಸುವ ರಿಫ್ರಾಕ್ಟೋಮೀಟರಿನಲ್ಲಿ ನೋಡಿದ್ದೆವು, 5 ತೋರಿಸಿತ್ತು. ಸಾಕು ಅಂದುಕೊಂಡೆವು. ಆದರೆ ಯಾವ ಆಯಿಲ್‌ನ 5? ನಮ್ಮ ದೊಡ್ಡ ಟ್ಯಾಂಕಿನಲ್ಲಿ ಹತ್ತು ಶಾಪಿನ ಕೂಲಂಟ್ ಸೇರುತ್ತಿತ್ತು. ಒಬ್ಬರದು ಸಾದಾ ಸಾಲ್ಯುಬಲ್ ಆಯಿಲ್, ಇನ್ನೊಬ್ಬರದು ಸೆಮಿ ಸಿಂಥೆಟಿಕ್. ಒಬ್ಬರು ಹಿತ್ತಾಳೆ ಕೊರೆಯುವವರು, ಅವರ ಕೂಲಂಟ್ ಹಸಿರು ತಿರುಗಿರುತ್ತದೆ. ಇನ್ನೊಬ್ಬರು ಅಲ್ಯುಮಿನಿಯಂ. ಮೀಟರಿನ ಬ್ರಿಕ್ಸ್ ರೀಡಿಂಗನ್ನು ಆಯಾ ಕಂಪನಿ ಕೊಟ್ಟ ಫ್ಯಾಕ್ಟರಿನಿಂದ ಗುಣಿಸಿದರೆ ಮಾತ್ರ ನಿಜವಾದ ಶೇಕಡಾ ಸಿಗುತ್ತದೆ. ಎಲ್ಲ ಬೆರೆತ ಮೇಲೆ ಯಾವ ಫ್ಯಾಕ್ಟರ್ ಹಿಡಿಯೋದು? ಅದೂ ಸಾಲದು ಅಂತ, ಮೆಷಿನ್ನಿನ ಸ್ಲೈಡಿಗೆ ಹಾಕುವ ಬೆಡ್ ಆಯಿಲ್ ಸೋರಿ ಕೂಲಂಟಿನಲ್ಲಿ ಬೆರೆತರೆ ಅದು ಕೂಡ ಮೀಟರಿಗೆ ಕೂಲಂಟ್ ಆಯಿಲ್ ಥರಾನೇ ಕಾಣುತ್ತದೆ. ಒಳಗೆ ಕೂಲಂಟ್ ತೆಳುವಾಗಿದ್ದರೂ ಮೀಟರ್ 'ದಪ್ಪ ಇದೆ' ಅನ್ನುತ್ತದೆ. ಅವತ್ತು ಮಧ್ಯಾಹ್ನ ಅವರ ಸಂಪಿನ ಪಿಎಚ್ (ಆಮ್ಲ-ಕ್ಷಾರದ ಅಳತೆ) ನೋಡಿದರೆ 8ಕ್ಕಿಂತ ಕೆಳಗೆ. ಓಡುವ ಕೂಲಂಟ್ ಸಾಮಾನ್ಯವಾಗಿ 8.5ರಿಂದ 9.5ರೊಳಗೆ ಇರಬೇಕು. ಕೆಳಗೆ ಇಳಿದರೆ ಎರಕದ ಕಬ್ಬಿಣ ತುಕ್ಕು ಹಿಡಿಯದೆ ಇರುತ್ತಾ?

ಆ ನಲವತ್ತು ಪೀಸಿನ ಖರ್ಚು ಕೊಟ್ಟೆವು. ಆಮೇಲೆ ಕೂತು ಯೋಚಿಸಿದಾಗ ಅನಿಸಿದ್ದು ಇಷ್ಟೇ: ಒಬ್ಬರ ಕೂಲಂಟ್ ಇನ್ನೊಬ್ಬರಿಗೆ ಕೊಡುವುದೇ ತಪ್ಪು. ಎಷ್ಟು ಸೋಸಿದರೂ ತಪ್ಪೇ. ನಿಮ್ಮ ಕೂಲಂಟ್ ನಿಮ್ಮ ಸಂಪಿನಲ್ಲೇ ಇರಬೇಕು.

ಇನ್ನೊಂದು ಕಾರಣ ಗಡಿ. ನಮ್ಮ ಶೆಡ್ಡಿನಿಂದ ಅತ್ತಿಬೆಲೆ ಗಾಡಿಯಲ್ಲಿ ಹತ್ತಾರು ನಿಮಿಷ, ಟ್ರಾಫಿಕ್ ಇಲ್ಲದಿದ್ದರೆ. ಆದರೆ ನಡುವೆ ರಾಜ್ಯ ಬದಲಾಗುತ್ತದೆ. ಎಣ್ಣೆ ಸೇರಿದ ತ್ಯಾಜ್ಯ 2016ರ ಅಪಾಯಕಾರಿ ತ್ಯಾಜ್ಯ ನಿಯಮದ ಕೆಳಗೆ ಬರುತ್ತದೆ. ರೀಸೈಕ್ಲಿಂಗಿಗೆ ಅಂತಲೇ ಆದರೂ ಅದನ್ನು ಒಂದು ರಾಜ್ಯದಿಂದ ಇನ್ನೊಂದಕ್ಕೆ ಒಯ್ಯುವ ಮುಂಚೆ ಕಳಿಸುವವರು ಎರಡೂ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ ತಿಳಿಸಬೇಕು. ಜೊತೆಗೆ ಮ್ಯಾನಿಫೆಸ್ಟ್ ಅನ್ನುವ ಸಾಗಣೆ ಪತ್ರ, ಅಂದರೆ ಫಾರಂ 10, ಇರಬೇಕು. ಎರಡು ಬ್ಯಾರಲ್ಲಿಗೆ ಇಷ್ಟೆಲ್ಲ ಯಾರು ಮಾಡ್ತಾರೆ? ಅದಕ್ಕೇ ಅತ್ತಿಬೆಲೆಯವರು ಎಷ್ಟು ಸಲ ಕೇಳಿದರೂ ನಾವು ಬ್ಯಾರಲ್ ತೆಗೆದುಕೊಂಡಿರಲಿಲ್ಲ. ಕೆಲವರಿಗೆ ಬೇಜಾರೂ ಆಗಿತ್ತು. ಇನ್ನು ಆ ತಾಪತ್ರಯ ಇಲ್ಲ. ಕೂಲಂಟ್ ನಿಮ್ಮ ಬಾಗಿಲು ದಾಟುವುದಿಲ್ಲ, ನಮ್ಮ ಟ್ರಾಲಿ ಮಾತ್ರ ದಾಟುತ್ತದೆ.

ಟ್ರಾಲಿ ಏನು ಮಾಡುತ್ತದೆ ಅಂತ ಹೇಳುತ್ತೇವೆ. ಮೊದಲು ಒಂದು ದಪ್ಪ ಪೈಪ್ ಸಂಪಿನ ತಳಕ್ಕೆ ಇಳಿಯುತ್ತದೆ. ತಳದ ಕೆಸರು, ಸಣ್ಣ ಚಿಪ್ಸ್ (ಕೊರೆದ ಲೋಹದ ಚೂರು), ಎರಕದ ಪುಡಿ ಎಲ್ಲ ಕೂಲಂಟ್ ಜೊತೆ ಮೇಲೆ ಬರುತ್ತದೆ. ಅದು ಬ್ಯಾಗ್ ಫಿಲ್ಟರ್ ದಾಟುತ್ತದೆ. ಆಮೇಲೆ ಕೋಲೆಸರ್ ಅನ್ನುವ ಡಬ್ಬಿ. ಅದರೊಳಗೆ ಪ್ಲಾಸ್ಟಿಕ್ ತಗಡುಗಳನ್ನು ಹತ್ತಿರ ಹತ್ತಿರ ಜೋಡಿಸಿದೆ. ಕೂಲಂಟ್ ಅದರ ನಡುವೆ ನಿಧಾನ ಹರಿಯುವಾಗ ಹೊರಗಿನಿಂದ ಸೋರಿ ಸೇರಿದ ಸಣ್ಣ ಎಣ್ಣೆ ಹನಿಗಳು ತಗಡಿಗೆ ಅಂಟಿ, ಒಂದಕ್ಕೊಂದು ಸೇರಿ, ದಪ್ಪಗಾಗಿ ಮೇಲೆ ತೇಲುತ್ತವೆ. ಸಾರು ಆರಿದ ಮೇಲೆ ಒಗ್ಗರಣೆ ಎಣ್ಣೆ ಮೇಲೆ ನಿಲ್ಲುತ್ತಲ್ಲ, ಹಾಗೆ. ಅದನ್ನು ಬೇರೆ ಡಬ್ಬಕ್ಕೆ ತೆಗೆಯುತ್ತೇವೆ. ಕೆಳಗಿನ ಕೂಲಂಟ್ ವಾಪಸ್ ಸಂಪಿಗೆ.

ವಾಪಸ್ ಬಿಡುವ ಮುಂಚೆ ಸಂಪಿನ ಗೋಡೆ, ಮೂಲೆ, ಕನ್ವೇಯರ್ ಕೆಳಗಿನ ಜಾಗ ಎಲ್ಲ ಉಜ್ಜುತ್ತೇವೆ. ಇದು ಅರ್ಧಕ್ಕರ್ಧ ಕೆಲಸ. ಇದನ್ನೇ ಎಲ್ಲರೂ ಬಿಡುವುದು. ನಾತ ಬಂದ ಕೂಲಂಟ್ ಚೆಲ್ಲಿ, ಸಂಪ್ ತೊಳೆಯದೆ ಹೊಸದು ಹಾಕಿದರೆ ಏನಾಗುತ್ತೆ? ಹೊಸ ಹಾಲಿಗೆ ನೀವೇ ಹೆಪ್ಪು ಹಾಕಿದಂತೆ. ಮೂಲೆಯಲ್ಲಿ ಒಂದು ಹಿಡಿ ಹಳೇ ಕೆಸರು ಉಳಿದರೂ ಅದರೊಳಗಿನ ಬ್ಯಾಕ್ಟೀರಿಯಾ ಹೊಸ ಕೂಲಂಟನ್ನು ಬೇಗನೇ ಹಿಡಿಯುತ್ತದೆ. 'ಹೊಸಾ ಆಯಿಲ್ ಹಾಕಿ ಹದಿನೈದು ದಿನ ಆಗಿಲ್ಲ, ಆಗಲೇ ವಾಸನೆ, ನಿಮ್ಮ ಆಯಿಲ್ ಡುಪ್ಲಿಕೇಟಾ' ಅಂತ ನಮ್ಮನ್ನು ಬೈದವರು ಇದ್ದಾರೆ. ಆಯಿಲ್ ಸರಿಯಾಗೇ ಇತ್ತು ಸ್ವಾಮಿ.

ಆಯುಧ ಪೂಜೆಗೆ ನಾವೆಲ್ಲ ಮೆಷಿನ್ನಿಗೆ ಡೀಸೆಲ್ ಹಾಕಿ ಒರೆಸುತ್ತೇವೆ, ವಿಭೂತಿ ಕುಂಕುಮ ಇಡುತ್ತೇವೆ, ಬಾಳೆಕಂದು ಕಟ್ಟುತ್ತೇವೆ, ಬೂದುಗುಂಬಳ ಒಡೆಯುತ್ತೇವೆ. ಸಂಪಿನ ಮುಚ್ಚಳ ಮಾತ್ರ ಯಾರೂ ತೆಗೆಯುವುದಿಲ್ಲ. ಈ ಸಲ ಪೂಜೆಗೆ ಮುಂಚೆ ಒಮ್ಮೆ ತೆಗೆದು ನೋಡಿ. ಬೀಡಿ ತುಂಡು, ಟೀ ಕಪ್, ಗುಟ್ಕಾ ಕವರ್, ಕೆಲವು ಕಡೆ ಊಟದ ತಟ್ಟೆ ತೊಳೆದ ನೀರು. ನಾವು ಕಂಡಿದ್ದನ್ನೇ ಬರೆದಿದ್ದೇವೆ.

ಸೋಮವಾರದ ನಾತ ನಿಮಗೆಲ್ಲ ಗೊತ್ತೇ ಇದೆ. ಭಾನುವಾರ ಪಂಪ್ ನಿಂತಿರುತ್ತದೆ. ಸ್ಲೈಡಿನಿಂದ ಸೋರಿದ ಬೆಡ್ ಆಯಿಲ್, ಹೈಡ್ರಾಲಿಕ್ ಆಯಿಲ್ ಕೂಲಂಟ್ ಮೇಲೆ ಕಂಬಳಿ ಹೊದಿಸಿದ ಹಾಗೆ ಮುಚ್ಚಿಕೊಳ್ಳುತ್ತದೆ. ಗಾಳಿ ಒಳಗೆ ಹೋಗುವುದಿಲ್ಲ. ಗಾಳಿ ಇಲ್ಲದೆ ಬೆಳೆಯುವ ಬ್ಯಾಕ್ಟೀರಿಯಾಗೆ ಅದೇ ಹಬ್ಬ. ಅವು ಬಿಡುವ ಗ್ಯಾಸೇ ಕೊಳೆತ ಮೊಟ್ಟೆ ವಾಸನೆ. ಸೋಮವಾರ ಬೆಳಿಗ್ಗೆ ಪಂಪ್ ಆನ್ ಮಾಡಿದ ಕೂಡಲೇ ಇಡೀ ಶೆಡ್ ತುಂಬುತ್ತದೆ. ಒಂದು ಕಡೆ ಫಿನಾಯಿಲ್ ಸುರಿದಿದ್ದರು. ಇನ್ನೊಂದು ಕಡೆ ಪ್ಯಾನೆಲ್ ಪಕ್ಕ ಊದುಬತ್ತಿ ಹಚ್ಚಿದ್ದರು. ಊದುಬತ್ತಿಯಿಂದ ತೊಂದರೆ ಇಲ್ಲ, ಫಿನಾಯಿಲ್ ದಯವಿಟ್ಟು ಬೇಡ. ದಿನವಿಡೀ ಅದರಲ್ಲಿ ಕೈ ಅದ್ದುವವನು ನಿಮ್ಮ ಆಪರೇಟರ್. ಮೊಣಕೈವರೆಗೆ ಕೆಂಪಾಗಿ ತುರಿಸಿಕೊಳ್ಳುವ ಹುಡುಗರನ್ನು ಎಷ್ಟೋ ಶಾಪಿನಲ್ಲಿ ನೋಡಿದ್ದೇವೆ.

ನೀರಿನ ವಿಷಯ ಸ್ವಲ್ಪ ಜಾಸ್ತಿ ಬರೆಯಬೇಕು, ಯಾಕೆಂದರೆ ನಮ್ಮ ಟ್ರಾಲಿ ಇದನ್ನು ಸರಿಮಾಡಲಾರದು. ನಮ್ಮ ಕಡೆ ಬೋರ್ ನೀರು ಗಡಸು. ನೀರು ಕಾಯಿಸುವ ಪಾತ್ರೆಯ ತಳ ನೋಡಿದರೆ ಸಾಕು. ಆ ಸುಣ್ಣದ ಉಪ್ಪುಗಳೇ ಕೂಲಂಟಿನಲ್ಲಿ ಎಣ್ಣೆ-ನೀರನ್ನು ಕೂಡಿಸಿ ಇಟ್ಟಿರುವ ಸೋಪಿನಂಥ ಪದಾರ್ಥವನ್ನು ಕೆಡಿಸುತ್ತವೆ. ಗಡಸು ನೀರಿನಲ್ಲಿ ಸೋಪು ಒಡೆದು ಬಿಳಿ ಜಿಡ್ಡಾಗುತ್ತಲ್ಲ, ಅದೇ ಕಥೆ. ಈಗ ಒಂದು ಲೆಕ್ಕ ಹಾಕಿ. ನಿಮ್ಮ ಸಂಪ್ 200 ಲೀಟರ್, ದಿನಕ್ಕೆ 8 ಲೀಟರ್ ನೀರು ಆವಿಯಾಗುತ್ತದೆ ಅಂತಿಟ್ಟುಕೊಳ್ಳಿ. 25 ದಿನಕ್ಕೆ 200 ಲೀಟರ್ ಆಯಿತು. ಅಂದರೆ ಒಂದು ತಿಂಗಳಿಗೆ ಒಂದು ಸಂಪ್ ನೀರು ಆರಿಹೋಯಿತು, ಅಷ್ಟೇ ಬೋರ್ ನೀರು ಮತ್ತೆ ತುಂಬಿದಿರಿ, ಆದರೆ ಆರಿದ ನೀರಿನ ಉಪ್ಪು ಆರಲಿಲ್ಲ. ಮೊದಲ ದಿನ ಇದ್ದಷ್ಟರ ಹೆಚ್ಚುಕಡಿಮೆ ಎರಡರಷ್ಟು ಉಪ್ಪು ಈಗ ಒಳಗಿದೆ. ಮುಂದಿನ ತಿಂಗಳು ಮೂರರಷ್ಟು. ಇದನ್ನು ಯಾವ ಫಿಲ್ಟರ್ ಬ್ಯಾಗೂ ಹಿಡಿಯುವುದಿಲ್ಲ. ಅದಕ್ಕೇ ಟಾಪ್‌ಅಪ್ಪಿಗಾದರೂ ಆರ್‌ಒ ನೀರು ಬಳಸಿ. ಆಫೀಸಿನಲ್ಲಿ ಕುಡಿಯಲು ಕ್ಯಾನ್ ತರಿಸುತ್ತೀರಲ್ಲ, ಜೊತೆಗೆ ಮೆಷಿನ್ನಿಗೂ ಒಂದು ಕ್ಯಾನ್.

ಬರೀ ನೀರು ಸುರಿಯಬೇಡಿ ಅಂತ ಎಷ್ಟು ಸಲ ಹೇಳಿದ್ದೇವೋ ನಮಗೇ ಲೆಕ್ಕವಿಲ್ಲ. ನೀರು ಆವಿಯಾಗಿ ಹೋಗುತ್ತದೆ, ಆಯಿಲ್ ಚಿಪ್ಸಿಗೂ ಜಾಬಿಗೂ (ಮಾಡುವ ಪೀಸಿಗೂ) ಅಂಟಿ ಹೋಗುತ್ತದೆ. ಎರಡೂ ಖರ್ಚಾಗುತ್ತವೆ. ಮೀಟರ್ ನೋಡಿ, ತೆಳುವಾಗಿ ಕಲಸಿದ ಕೂಲಂಟನ್ನೇ ಹಾಕಿ. ಕಲಸುವಾಗ ಮೊದಲು ನೀರು, ಆಮೇಲೆ ಆಯಿಲ್. ಆಯಿಲ್ ಮೇಲೆ ನೀರು ಸುರಿದರೆ ಮೊಸರು ಒಡೆದ ಹಾಗೆ ಗಂಟು ಗಂಟಾಗುತ್ತದೆ, ಆಮೇಲೆ ಎಷ್ಟು ತಿರುವಿದರೂ ಸರಿಹೋಗಲ್ಲ.

ಇನ್ನು ದುಡ್ಡಿನ ಮಾತು. ಇಷ್ಟು ದಿನ ಲೀಟರ್ ಲೆಕ್ಕ ಇತ್ತು, ಇನ್ನು ಸಂಪ್ ಲೆಕ್ಕ. ಸಂಪಿನ ಅಳತೆ ನೋಡಿ ರೇಟ್, ಪಟ್ಟಿ ಈ ತಿಂಗಳ ಬಿಲ್ಲಿನ ಜೊತೆ ಬರುತ್ತದೆ. ಬ್ಯಾರಲ್ ಲೆಕ್ಕಕ್ಕಿಂತ ಒಂದು ಸಲಕ್ಕೆ ಜಾಸ್ತಿಯೇ ಕಾಣುತ್ತದೆ, ಮುಚ್ಚಿಡುವುದಿಲ್ಲ. ಆದರೆ 200 ಲೀಟರ್ ಸಂಪನ್ನು 6 ಪರ್ಸೆಂಟಿಗೆ ತುಂಬಿಸಲು 12 ಲೀಟರ್ ಆಯಿಲ್ ಬೇಕು. ವರ್ಷಕ್ಕೆ ನಾಲ್ಕು ಸಲ ಚೆಲ್ಲಿ ತುಂಬುವವರು 48 ಲೀಟರ್ ಆಯಿಲ್ ಜೊತೆಗೆ 800 ಲೀಟರ್ ಕೊಳಕು ನೀರನ್ನೂ ಹೊರಗೆ ಹಾಕಬೇಕು. ಅದನ್ನು ಎಲ್ಲಿ ಹಾಕುತ್ತೀರಿ ಅನ್ನುವುದೇ ಈಗ ದೊಡ್ಡ ಪ್ರಶ್ನೆ. ನಿಯಮದ ಪ್ರಕಾರ ಇಂಥ ತ್ಯಾಜ್ಯವನ್ನು ಸಾಮಾನ್ಯವಾಗಿ 90 ದಿನಕ್ಕಿಂತ ಹೆಚ್ಚು ಇಟ್ಟುಕೊಳ್ಳುವಂತಿಲ್ಲ. ರಾತ್ರಿ ಶೆಡ್ಡಿನ ಹಿಂದಿನ ಚರಂಡಿಗೆ ಬಿಡುವವರು ಇದ್ದಾರೆ ಅಂತ ನಮಗೂ ಗೊತ್ತು, ನಿಮಗೂ ಗೊತ್ತು. ಇಲ್ಲೇ ಹತ್ತಿರದ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆ ಎದ್ದಾಗ ಎಲ್ಲರೂ ಫೋಟೋ ಕಳಿಸುತ್ತಾರೆ, ಬೆಂಗಳೂರಿನ ಕೊಳಚೆ ಅಂತ ಬೈಯುತ್ತಾರೆ. ಬೈಯುವುದು ಸರಿಯೇ. ನಮ್ಮ ಚರಂಡಿಯನ್ನೂ ಒಮ್ಮೆ ನೋಡಿಕೊಂಡು ಬೈಯೋಣ.

ಟ್ರಾಲಿ ತೆಗೆದ ಎಣ್ಣೆ ಮತ್ತು ಕೆಸರು ನಿಮ್ಮಲ್ಲೇ ಉಳಿಯುತ್ತದೆ. 800 ಲೀಟರ್ ಅಲ್ಲ, ಒಂದೆರಡು ಬಕೆಟ್. ಮುಚ್ಚಳ ಇರುವ ಡಬ್ಬಕ್ಕೆ ಹಾಕಿ, ಮೇಲೆ ಹೆಸರು ಮತ್ತು ತಾರೀಖು ಬರೆದು, ಮಂಡಳಿಯ ಪರವಾನಗಿ ಇರುವವರಿಗೇ ಕೊಡಿ. ಬೀದಿಯಲ್ಲಿ 'ವೇಸ್ಟ್ ಆಯಿಲ್' ಅಂತ ಕೂಗಿಕೊಂಡು ಬರುವ ಗಾಡಿಗೆ ಬೇಡ.

ನಮ್ಮ ಆಯಿಲ್ ಮಾರಾಟ ಇದರಿಂದ ಕಮ್ಮಿ ಆಗುತ್ತದೆ. ಮನೆಯಲ್ಲೇ ಈ ಮಾತು ಬಂತು, 'ಅಂಗಡಿ ಇಟ್ಟುಕೊಂಡು ಕಮ್ಮಿ ತಗೊಳ್ಳಿ ಅಂತೀರಲ್ಲ' ಅಂತ. ಸಂಪ್ ಕೆಲಸದಲ್ಲಿ ಅಷ್ಟೋ ಇಷ್ಟೋ ಸರಿಹೋಗುತ್ತದೆ ಅನ್ನುವ ನಂಬಿಕೆ. ಹೋಗದಿದ್ದರೆ ವರ್ಷದ ಕೊನೆಗೆ ಇನ್ನೊಂದು ಪತ್ರ ಬರೆಯುತ್ತೇವೆ.

ಎಲ್ಲ ಸಂಪನ್ನೂ ಉಳಿಸಲು ಆಗುವುದಿಲ್ಲ. ಬಂದ ಕೂಡಲೇ ಪಿಎಚ್ ಮತ್ತು ಬ್ರಿಕ್ಸ್ ನೋಡುತ್ತೇವೆ. ಮೀಟರಿನೊಳಗೆ ಗೆರೆ ಚೂಪಾಗಿ ಕಂಡರೆ ಕೂಲಂಟ್ ಉಳಿಯುತ್ತದೆ. ಗೆರೆ ಮಂಜು ಕವಿದ ಹಾಗೆ ಮಸುಕಾಗಿದ್ದರೆ ಬೆಡ್ ಆಯಿಲ್ ಕೂಲಂಟಿನೊಳಗೇ ಕರಗಿ ಕೂತಿದೆ ಅಂತ ಅರ್ಥ. ಅದನ್ನು ಕೋಲೆಸರ್ ತೆಗೆಯಲಾರದು. ಅಂಥ ಕಡೆ 'ಇದನ್ನು ಬದಲಾಯಿಸಿ' ಅಂತ ಹೇಳಿ, ಸಂಪ್ ತೊಳೆದ ಕೂಲಿ ಮಾತ್ರ ತೆಗೆದುಕೊಳ್ಳುತ್ತೇವೆ. ಸುಮ್ನೆ ಸೋಸಿದ ಹಾಗೆ ಮಾಡಿ ಬಿಲ್ ಹಾಕುವುದಿಲ್ಲ.

ನಮ್ಮಲ್ಲಿ ಈಗಾಗಲೇ ಬ್ಯಾರಲ್ ಕೊಟ್ಟಿರುವವರು ಹಬ್ಬದೊಳಗೆ ಬಂದು ಡೆಪಾಸಿಟ್ ವಾಪಸ್ ತೆಗೆದುಕೊಳ್ಳಿ. ಖಾಲಿ ಬ್ಯಾರಲ್ ಬೇಕಾದರೆ ಅದನ್ನೂ ಒಯ್ಯಬಹುದು. ಈ ಪತ್ರವನ್ನು ತಮಿಳಿನಲ್ಲೂ ಮಾಡಿಸಿದ್ದೇವೆ. ನಿಮ್ಮ ಸೂಪರ್‌ವೈಸರಿಗೆ ಅದು ಸುಲಭ ಅನಿಸಿದರೆ ಕೇಳಿ, ಕಳಿಸುತ್ತೇವೆ.

ಶನಿವಾರ ಸಂಜೆ ಮತ್ತು ಭಾನುವಾರಕ್ಕೆ ಬೇಡಿಕೆ ಜಾಸ್ತಿ ಇದೆ, ಬೇಗ ಹೇಳಿದವರಿಗೆ ಮೊದಲು. 200 ಲೀಟರ್ ಸಂಪಿಗೆ ಸುಮಾರು ಅರ್ಧ ಶಿಫ್ಟ್ ಮೆಷಿನ್ ನಿಲ್ಲಿಸಬೇಕಾಗುತ್ತದೆ. ನಾವು ಬರುವ ಮುಂಚೆ ಟ್ರೇಯ ಚಿಪ್ಸ್ ಎತ್ತಿಸಿಡಿ. ಹತ್ತಿರ ಒಂದು 15 ಆಂಪ್ ಪ್ಲಗ್ ಪಾಯಿಂಟ್ ಇದ್ದರೆ ಸಾಕು. ಮತ್ತೆ, ಟ್ರಾಲಿಯ ಚಕ್ರ ಸಣ್ಣದು. ನಿಮ್ಮ ಶೆಡ್ಡಿನ ಬಾಗಿಲಲ್ಲಿ ಹೊಸ್ತಿಲೋ ಮೆಟ್ಟಿಲೋ ಇದ್ದರೆ ಫೋನಿನಲ್ಲೇ ಹೇಳಿಬಿಡಿ, ಹಲಗೆ ತರುತ್ತೇವೆ.

ಇಂತಿ,
ನಿಮ್ಮ ಕೂಲಂಟ್ ಅಂಗಡಿಯವರು, ಹೊಸೂರು