ಅನಿರೀಕ್ಷಿತ ಮಂಜಂತೆ!

ಮಾನ್ಯ ಸಂಪಾದಕರೇ,

ನಮ್ಮೂರ ಕೆರೆ ಹಿಂದೆ ಬಿದ್ದ ಸಣ್ಣ ವಿಮಾನದ ಸುದ್ದಿಯನ್ನು ನಿಮ್ಮ ಪತ್ರಿಕೆಯಲ್ಲಿ ಓದಿದೆ. 'ಬಿದ್ದ' ಅನ್ನಬಾರದಂತೆ, 'ತುರ್ತು ಭೂಸ್ಪರ್ಶ' ಅನ್ನಬೇಕಂತೆ. ಸರಿ, ಹಾಗೇ ಅನ್ನೋಣ. ಸ್ಪರ್ಶ ಆದದ್ದು ನನ್ನ ಭೂಮಿಗೆ. 'ಅನಿರೀಕ್ಷಿತ ಮಂಜು: ಪೈಲಟ್ ಸಮಯಪ್ರಜ್ಞೆಯಿಂದ ತಪ್ಪಿದ ಅನಾಹುತ' ಅಂತ ತಲೆಬರಹ ಹಾಕಿದ್ದೀರಿ. ಜೊತೆಗೆ ಆ ಪುಣ್ಯಾತ್ಮರು ವಿಮಾನಕ್ಕೆ ಒರಗಿ ಕೈಕಟ್ಟಿ ನಿಂತ ಫೋಟೋ. ಅವರ ಬೂಟಿನ ಕೆಳಗೆ ಹಳದಿ ಬಣ್ಣದಲ್ಲಿ ಕಾಣುತ್ತಿರುವುದು ಸ್ವಾಗತಕ್ಕೆ ಹಾಸಿದ ಜಮಖಾನ ಅಲ್ಲ ಸ್ವಾಮಿ, ನನ್ನ ಸೇವಂತಿಗೆ.

ಅವರ ಜೀವ ಉಳಿಯಿತು, ಅದಕ್ಕೆ ನಮಗೂ ಸಂತೋಷ. ಮೊದಲು ಓಡಿಹೋಗಿ ಬಾಗಿಲು ತೆಗೆದು ಇಳಿಸಿದ್ದೂ ನಮ್ಮ ಹುಡುಗರೇ, ಕುಡಿಯಲು ನೀರು ಕೊಟ್ಟಿದ್ದೂ ನಮ್ಮ ಮನೆಯಿಂದಲೇ. ಅದನ್ನು ನೀವು ಬರೆದಿಲ್ಲ, ಪರವಾಗಿಲ್ಲ. ಆದರೆ ಆ 'ಅನಿರೀಕ್ಷಿತ' ಅನ್ನುವ ಪದ ಇದೆಯಲ್ಲ, ಅದನ್ನು ಓದಿದಾಗಿನಿಂದ ನನಗೆ ನಿದ್ದೆ ಬಂದಿಲ್ಲ.

ಯಾರಿಗೆ ಅನಿರೀಕ್ಷಿತ? ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಮೂರು ದಿನ ಟೀವಿಯಲ್ಲಿ ಬಡಿದುಕೊಂಡರು. ಮೂರು ದಿನವೂ ಜಿಟಿಜಿಟಿ ಮಳೆ. ಹಿಂದಿನ ದಿನ ಸಂಜೆ ಮಳೆ ನಿಂತಿತು, ರಾತ್ರಿ ನಕ್ಷತ್ರ ಕಾಣಿಸಿದವು, ಎಲೆ ಅಲ್ಲಾಡುವಷ್ಟು ಗಾಳಿಯೂ ಇರಲಿಲ್ಲ. ನಮ್ಮಮ್ಮ ಜಗಲಿ ಮೇಲೆ ಕೂತು 'ನಾಳೆ ಮಂಜು ಬೀಳುತ್ತೆ, ರಾಗಿ ಮೆದೆ ಮೇಲಿನ ಟಾರ್ಪಾಲು ತೆಗೀಬೇಡ' ಅಂದರು. ಅವರಿಗೆ ಎಂಬತ್ತರ ಮೇಲೆ ವಯಸ್ಸು, ಕಣ್ಣು ಸರಿಯಾಗಿ ಕಾಣುವುದಿಲ್ಲ, ಕೈಯಲ್ಲಿ ಮೊಬೈಲೂ ಇಲ್ಲ. ನೆಲ ನೆನೆದಿದ್ದು, ರಾತ್ರಿ ಆಕಾಶ ತಿಳಿಯಾಗಿ, ಗಾಳಿ ಆಡದಿದ್ದರೆ ಬೆಳಿಗ್ಗೆ ಮಂಜು ಗ್ಯಾರಂಟಿ ಅಂತ ಈ ಸೀಮೆಯಲ್ಲಿ ಎಮ್ಮೆ ಕಾಯುವ ಹುಡುಗನಿಗೂ ಗೊತ್ತು. ಬಿಸಿಲು ಹುಟ್ಟಿದ ತಕ್ಷಣ ಕರಗಿಹೋಗುತ್ತದೆ ಅಂತ ಪಟ್ಟಣದವರು ಅಂದುಕೊಳ್ಳುತ್ತಾರೆ. ಹಾಗಲ್ಲ. ಸೂರ್ಯ ಹುಟ್ಟಿದ ಮೇಲೆ ಸ್ವಲ್ಪ ಹೊತ್ತು ಅದು ಇನ್ನೂ ದಟ್ಟವಾಗುತ್ತದೆ. ಅವತ್ತು ಡೇರಿಗೆ ಹಾಲು ಹಾಕಲು ಹೋದವರು ಬೈಕಿನ ಲೈಟು ಹಾಕಿಕೊಂಡು, ಹಾರ್ನ್ ಒತ್ತುತ್ತಾ ಹೋದರು. ಅದೇ ಹೊತ್ತಿನಲ್ಲಿ ಈ ಮಹಾನುಭಾವರು ಮೇಲೆ ಹಾರುತ್ತಿದ್ದರು, ಹಾರ್ನ್ ಕೂಡ ಇಲ್ಲದೆ.

ನಮ್ಮ ಕಡೆ ಒಂದು ಲೆಕ್ಕ ಇದೆ. ನನ್ನ ಹೊಲದ ಬದುವಿನ ಮೇಲೆ ನಿಂತರೆ ನಂದಿ ಬೆಟ್ಟ ಹೆಚ್ಚು ಕಮ್ಮಿ ಐದಾರು ಕಿಲೋಮೀಟರ್. ಬೆಟ್ಟ ಕಂಡರೆ ಔಷಧಿ ಹೊಡೆಯಬಹುದು, ಕಾಣದಿದ್ದರೆ ಹೂವಿಗೆ ರೋಗ ಅಂತ ಸುಮ್ನೆ ಕೂರಬೇಕು. ನನ್ನ ತಂಗಿ ಮಗ ವಿಮಾನ ರಿಪೇರಿ ಕೆಲಸದಲ್ಲಿದ್ದಾನೆ. ಅವನು ಹೇಳಿದ, ಮಾವ, ಕಣ್ಣಳತೆಯಲ್ಲಿ ಹಾರಿಸುವ ಸಣ್ಣ ವಿಮಾನಕ್ಕೂ ನಿಯಮ ಅದೇ, ಮುಂದೆ ಐದು ಕಿಲೋಮೀಟರ್ ಕಾಣಬೇಕು, ಮೋಡದಿಂದ ಅಡ್ಡಕ್ಕೆ ಒಂದೂವರೆ ಕಿಲೋಮೀಟರ್, ಮೇಲಕ್ಕೂ ಕೆಳಕ್ಕೂ ಸಾವಿರ ಅಡಿ ದೂರ ಇರಬೇಕು ಅಂತ. ನೋಡಿ, ನಾನು ಔಷಧಿ ಹೊಡೆಯುವುದಕ್ಕೆ ನೋಡುವುದೂ ಅವರು ವಿಮಾನ ಹಾರಿಸುವುದಕ್ಕೆ ನೋಡಬೇಕಾದದ್ದೂ ಒಂದೇ ಬೆಟ್ಟ. ನಾನು ನೋಡಿದೆ, ಅವರು ನೋಡಲಿಲ್ಲ. ಅವತ್ತು ನನ್ನ ಹೊಲದಿಂದ ಬೆಟ್ಟ ಹಾಗಿರಲಿ, ನನ್ನ ಪಂಪ್‌ಸೆಟ್ ಮನೆಯೇ ಕಾಣುತ್ತಿರಲಿಲ್ಲ. ದೊಡ್ಡ ವಿಮಾನ ನಿಲ್ದಾಣದಿಂದ ಅರ್ಧ ಗಂಟೆಗೊಮ್ಮೆ ಹವಾಮಾನದ ವರದಿ ಬರುತ್ತದಂತೆ. ಅದನ್ನು ನೋಡುವ ಪುರುಸೊತ್ತು ಇಲ್ಲದಿದ್ದರೆ ನಮ್ಮಮ್ಮನಿಗಾದರೂ ಒಂದು ಫೋನ್ ಮಾಡಿದ್ದರೆ ಆಗುತ್ತಿತ್ತು.

ಇನ್ನೊಂದು ವಿಷಯ ಅವನಿಂದಲೇ ತಿಳಿಯಿತು. ಮಂಜು ತೆಳುವಾಗಿ ಹರಡಿದ್ದರೆ ಮೇಲಿನಿಂದ ನೇರ ಕೆಳಕ್ಕೆ ನೋಡಿದಾಗ ರಸ್ತೆ, ಕೆರೆ, ಮನೆ ಎಲ್ಲ ಕಾಣುತ್ತವಂತೆ. ಓಹೋ ಪರವಾಗಿಲ್ಲ ಅಂದುಕೊಂಡು ಇಳಿಯಲು ಹೋದರೆ ಓರೆಯಾಗಿ ನೋಡಬೇಕಲ್ಲ, ಆಗ ಎಲ್ಲ ಬರೀ ಬಿಳುಪು. ಅಲ್ಲಿಂದ ಮುಂದೆ, ಮೈ ನೆಟ್ಟಗಿದೆಯೋ ವಾಲಿದೆಯೋ ಅಂತ ಹೇಳುವ ಒಳಗಿವಿ ಮೋಸ ಮಾಡುತ್ತದೆ. ಚಿಕ್ಕವರಿದ್ದಾಗ ಕಣ್ಣಿಗೆ ಬಟ್ಟೆ ಕಟ್ಟಿ ಗಿರಗಿರ ತಿರುಗಿಸಿ ಬಿಡುತ್ತಿದ್ದರಲ್ಲ, ಹಾಗೆ. ವಿಮಾನ ವಾಲುತ್ತಿದ್ದರೂ ನೆಟ್ಟಗಿದೆ ಅನ್ನಿಸುತ್ತದೆ. ಆಗ ಮುಂದಿರುವ ಗಡಿಯಾರದಂಥ ಉಪಕರಣಗಳನ್ನು ನಂಬಬೇಕೇ ಹೊರತು ತನ್ನ ಮೈಯನ್ನಲ್ಲ, ಅದಕ್ಕೆ ಬೇರೆ ತರಬೇತಿ, ಬೇರೆ ಪರವಾನಗಿ ಬೇಕು. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಆ ತರಬೇತಿ ಇಲ್ಲದ 20 ಜನರಿಗೆ ಹೊರಗೆ ಏನೂ ಕಾಣದಂತೆ ಮಾಡಿ ಪರೀಕ್ಷೆ ಮಾಡಿದ್ದರಂತೆ. ಇಪ್ಪತ್ತಕ್ಕೆ ಇಪ್ಪತ್ತೂ ಜನ ಹತೋಟಿ ಕಳೆದುಕೊಂಡರು. ಸರಾಸರಿ 178 ಸೆಕೆಂಡ್. ಮೂರು ನಿಮಿಷವೂ ಇಲ್ಲ, ನಮ್ಮ ಕಚೇರಿಗಳಲ್ಲಿ 'ಸಾಹೇಬರು ಊಟಕ್ಕೆ ಹೋಗಿದ್ದಾರೆ' ಅಂತ ಹೇಳುವುದಕ್ಕೇ ಅದಕ್ಕಿಂತ ಜಾಸ್ತಿ ಹೊತ್ತು ತೆಗೆದುಕೊಳ್ಳುತ್ತಾರೆ.

ಇದೇನು ಸಣ್ಣ ವಿಷಯವೇ? 2009ರ ಸೆಪ್ಟೆಂಬರ್ 2ರಂದು ಪಕ್ಕದ ಆಂಧ್ರದ ಮುಖ್ಯಮಂತ್ರಿ ವೈ.ಎಸ್. ರಾಜಶೇಖರ ರೆಡ್ಡಿ ಅವರು ಹೈದರಾಬಾದಿನಿಂದ ಚಿತ್ತೂರು ಜಿಲ್ಲೆಗೆ ಹೊರಟ ಹೆಲಿಕಾಪ್ಟರ್ ನಲ್ಲಮಲ ಕಾಡಿನ ಮೇಲೆ ಮಳೆ ಮೋಡದಲ್ಲಿ ಸಿಕ್ಕಿಕೊಂಡದ್ದು ನಮ್ಮ ಕಡೆ ಯಾರೂ ಮರೆತಿಲ್ಲ, ಅವತ್ತು ಇಡೀ ರಾತ್ರಿ ತೆಲುಗು ಚಾನೆಲ್ ಮುಂದೆ ಕೂತಿದ್ದೆವು. ಅದನ್ನು ಹಾರಿಸುತ್ತಿದ್ದವರು ಪಳಗಿದವರು. 1999ರಲ್ಲಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ತಾನೇ ಸಣ್ಣ ವಿಮಾನ ಹಾರಿಸಿಕೊಂಡು, ರಾತ್ರಿ ಮಬ್ಬಿನಲ್ಲಿ ದಿಕ್ಕು ತಪ್ಪಿ, ಹೆಂಡತಿ ಮತ್ತು ಆಕೆಯ ಅಕ್ಕನ ಸಮೇತ ಸಮುದ್ರಕ್ಕೆ ಬಿದ್ದ. ಇಲ್ಲಾದರೂ ಸುತ್ತ ಏನಿದೆ ಅಂದುಕೊಂಡಿರಿ, ನಂದಿ, ಸ್ಕಂದಗಿರಿ, ಬ್ರಹ್ಮಗಿರಿ, ಚನ್ನಗಿರಿ ಎಲ್ಲ ಕಲ್ಲಿನ ಗೋಡೆಗಳು. ನಂದಿಯೊಂದೇ 4,851 ಅಡಿ. ಸಮಯಪ್ರಜ್ಞೆಯಂತೆ! ಬೆಟ್ಟ ಪಕ್ಕಕ್ಕೆ ಸರಿದದ್ದು ಭೋಗನಂದೀಶ್ವರನ ಪುಣ್ಯ.

ಮುಂದೆ ಕಾಣದಿದ್ದರೆ ಏನು ಮಾಡಬೇಕು ಅಂತ ತಂಗಿ ಮಗನನ್ನು ಕೇಳಿದೆ. ವಾಪಸ್ ತಿರುಗಿಕೊಳ್ಳಬೇಕು, ಅಷ್ಟೇ ಮಾವ, ಅದನ್ನೇ ಮೊದಲು ಹೇಳಿಕೊಡುವುದು ಅಂದ. ಕೇಳಿ ನನಗೆ ಮೈಯೆಲ್ಲ ಉರಿಯಿತು. ನಮ್ಮೂರ ಗೇಟಿನ ಹತ್ತಿರ ಹೆದ್ದಾರಿಯ ಡಿವೈಡರ್ ಮುಚ್ಚಿದ ಮೇಲೆ ನಾವು ಎದುರುಗಡೆಯ ಹೊಲಕ್ಕೆ ಹೋಗಲು ನಾಲ್ಕು ಕಿಲೋಮೀಟರ್ ಮುಂದೆ ಹೋಗಿ ತಿರುಗಿ ಬರಬೇಕು. ಎಷ್ಟು ಅರ್ಜಿ ಕೊಟ್ಟೆವು, ಎಷ್ಟು ಸಲ ರಸ್ತೆ ತಡೆ ಮಾಡಿದೆವು, ಒಬ್ಬ ಅಧಿಕಾರಿ ಬಂದು ಟೇಪು ಹಿಡಿದು ಅಳೆದು, ಎಳನೀರು ಕುಡಿದು ಹೋದವರು ಮತ್ತೆ ಮುಖ ತೋರಿಸಿಲ್ಲ. ಆಕಾಶದಲ್ಲಿ ಡಿವೈಡರ್ ಇಲ್ಲ, ಟೋಲ್ ಇಲ್ಲ, ಎಲ್ಲಿ ಬೇಕಾದರೂ ಯೂ ಟರ್ನ್. ಆದರೂ ತಿರುಗಿಸಲಿಲ್ಲ.

ಇನ್ನು ನನ್ನ ಗತಿ ಕೇಳಿ. ವಿಮಾನ ರಾಗಿ ಕೊಯ್ದ ಹೊಲದಲ್ಲಿ ಇಳಿದು, ಬದು ಹಾರಿ, ಸೇವಂತಿಗೆಯಲ್ಲಿ ಹತ್ತು ಸಾಲು ಮುರಿದು ನಿಂತಿತು. ಹತ್ತು ಸಾಲು ಹೋದರೆ ಹೋಗಲಿ ಅನ್ನುತ್ತಿದ್ದೆ. ಉಳಿದದ್ದನ್ನು ತುಳಿದದ್ದು ಜನ. ಅವತ್ತು ಭಾನುವಾರ, ನಂದಿಗೆ ಮೋಡ ನೋಡಲು ಬಂದವರೆಲ್ಲ ವಿಮಾನ ನೋಡಲು ಬಂದರು. ಸೆಲ್ಫಿ, ರೀಲ್ಸು. ಒಬ್ಬಳು ನನ್ನ ಹೂವನ್ನೇ ಕಿತ್ತು ಮುಡಿದುಕೊಂಡು ಫೋಟೋ ತೆಗೆಸಿಕೊಂಡಳು. ಮಾರನೆಯ ದಿನ ಕಡೇ ಕಾರ್ತಿಕ ಸೋಮವಾರ, ಹೂವಿಗೆ ಒಳ್ಳೆ ರೇಟು ಸಿಗುವ ದಿನ. ಡ್ರಿಪ್ ಪೈಪು ಚೂರುಚೂರು, ಮಲ್ಚಿಂಗ್ ಶೀಟು ಚಿಂದಿ. ಸಂಜೆಗೆ ಪೊಲೀಸರು ಟೇಪು ಸುತ್ತಿ, ತನಿಖೆಯವರು ಬಂದು ನೋಡುವ ತನಕ ಯಾರೂ ಮುಟ್ಟಬಾರದು ಅಂದರು. ವಿಮಾನ ಮುಟ್ಟಬಾರದು, ಸರಿ, ಅದಕ್ಕೆ ಕಾರಣ ಇದೆ. ನನ್ನ ಬೋರ್‌ವೆಲ್ ಸ್ಟಾರ್ಟರ್ ಯಾಕೆ ಟೇಪಿನ ಒಳಗೆ? ಒಂಬತ್ತು ದಿನವಾಯಿತು, ಆ ಪೈಲಟ್ ಅವತ್ತು ಮಧ್ಯಾಹ್ನವೇ ಕಾರಿನಲ್ಲಿ ಮನೆಗೆ ಹೋದರು, ನಾನು ಮಾತ್ರ ನನ್ನ ಹೊಲಕ್ಕೆ ನಾನೇ ಹೋಗಲು ಪೊಲೀಸಪ್ಪನನ್ನು ಕೇಳಬೇಕು. ಅವನಿಗೂ ಟೀ, ತಿಂಡಿ ನಮ್ಮನೆಯದೇ, ಪಾಪ ಅವನ ತಪ್ಪಲ್ಲ.

ಪರಿಹಾರಕ್ಕೆ ಅಂತ ಒಂದು ಕಚೇರಿಗೆ ಹೋದೆ. ಕಂಪ್ಯೂಟರಿನಲ್ಲಿ ಬರ, ಅತಿವೃಷ್ಟಿ, ಆಲಿಕಲ್ಲು ಇದೆ, ವಿಮಾನ ಅಂತ ಕಾಲಂ ಇಲ್ಲ ಅಂದರು. ಪಕ್ಕದಲ್ಲಿದ್ದವರು 'ಕಾಡುಪ್ರಾಣಿ ದಾಳಿ ಅಂತ ಹಾಕಿ ನೋಡೋಣ್ವಾ' ಅಂದರು, ಅವರು ತಮಾಷೆ ಮಾಡಿದರೋ ನಿಜಕ್ಕೂ ಹೇಳಿದರೋ ನನಗೆ ಈಗಲೂ ಗೊತ್ತಿಲ್ಲ. ಇನ್ನೊಂದು ಕಚೇರಿಯವರು ದೆಹಲಿಗೆ ಬರೆಯಿರಿ ಅಂದರು. 1934ರ ಹಳೇ ಕಾಯ್ದೆ ತೆಗೆದು 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮ ಅಂತ ಹೊಸದು ತಂದಿದ್ದಾರಂತೆ, ಹೆಸರು ಚೆನ್ನಾಗಿದೆ. ಅದರಲ್ಲಿ ಸೇವಂತಿಗೆ ಬಗ್ಗೆ ಏನಿದೆ ಅಂತ ಯಾರಾದರೂ ಕನ್ನಡದಲ್ಲಿ ಹೇಳಿದರೆ ಉಪಕಾರ.

ಈ ಜಿಲ್ಲೆಗೆ ಮೇಲಿನಿಂದ ಏನಾದರೂ ಬರುತ್ತದೆ ಅಂದರೆ ಇಂಥದ್ದೇ. 2014ರಲ್ಲಿ ಎತ್ತಿನಹೊಳೆ ನೀರಿನ ಯೋಜನೆಗೆ ಅಡಿಗಲ್ಲು ಹಾಕಿದರು, 2024ರ ಗೌರಿ ಹಬ್ಬದ ದಿನ ಸಕಲೇಶಪುರದಲ್ಲಿ ನೀರೆತ್ತಿ ಪೂಜೆಯನ್ನೂ ಮಾಡಿದರು. ನೀರು ಇನ್ನೂ ದಾರಿಯಲ್ಲಿದೆ. ಅದಕ್ಕೆ ಮುಂಚೆ ವಿಮಾನ ಬಂತು. ನೀರಿಗೂ ಒಬ್ಬ ಪೈಲಟ್ ಇಟ್ಟಿದ್ದರೆ ಇಷ್ಟು ಹೊತ್ತಿಗೆ ದಾರಿ ತಪ್ಪಿಯಾದರೂ ನಮ್ಮ ಕೆರೆಗೆ ಬೀಳುತ್ತಿತ್ತೋ ಏನೋ.

ಆದ್ದರಿಂದ ಸಂಬಂಧಪಟ್ಟವರು ಕೂಡಲೇ ಗಮನ ಹರಿಸಬೇಕು. ಮಂಜಿನಲ್ಲಿ ಹಾರುವವರ ಲೈಸೆನ್ಸ್ ಕಿತ್ತುಕೊಳ್ಳಬೇಕು, ಇಲ್ಲವೇ ನಮ್ಮೂರಿನಲ್ಲಿ ಒಂದು ಸರಿಯಾದ ರನ್‌ವೇಯನ್ನಾದರೂ ಕಟ್ಟಬೇಕು, ಹೂವಿನ ಸಾಲಿಗಿಂತ ಅದು ವಾಸಿ. ಹೆದ್ದಾರಿ ಡಿವೈಡರನ್ನೂ ಒಡೆಸಬೇಕು. ಸಂಪಾದಕರೇ, ನೀವೂ ಆ 'ಸಮಯಪ್ರಜ್ಞೆ' ಅನ್ನುವುದನ್ನು ವಾಪಸ್ ತೆಗೆದುಕೊಳ್ಳಬೇಕು. ನಿಮ್ಮ ವರದಿಗಾರರು ಇನ್ನೊಮ್ಮೆ ಬರುವುದಾದರೆ ದಯವಿಟ್ಟು ಬದುವಿನ ಮೇಲೆ ನಡೆದು ಬರಲಿ, ಹೋದ ಸಲ ಅವರ ಬೈಕೂ ಎರಡು ಸಾಲಿನ ಮೇಲೆ ಹೋಗಿದೆ.

ಇಂತಿ,
ಟೇಪಿನ ಹೊರಗೆ ನಿಂತಿರುವ ರೈತ,
ಚಿಕ್ಕಬಳ್ಳಾಪುರ ತಾಲ್ಲೂಕು